ಗೋಧಿ ತಿಂದು ಹೋಗಿ

ಶುಕ್ರವಾರ ಬೆಳಿಗ್ಗೆ ನೆವೆನಾ ಅಡುಗೆಮನೆಯ ಮೇಜಿನ ಮೇಲೆ ಗೋಧಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಮಾರನೆಯ ದಿನ ಅವಳ ಅಣ್ಣ ಬೊಗೊಮಿಲ್ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆ. ಸಂಜೆಯೊಳಗೆ ಗೋಧಿ ಬೇಯಬೇಕು, ರಾತ್ರಿಯಿಡೀ ಬಟ್ಟೆಯ ಮೇಲೆ ಆರಬೇಕು, ಬೆಳಿಗ್ಗೆ ಸಕ್ಕರೆ, ಅಕ್ರೋಟು ಬೆರೆಸಿ ಸ್ಮಶಾನಕ್ಕೆ ಒಯ್ದು ಬಂದವರಿಗೆಲ್ಲ ಒಂದೊಂದು ಲೋಟ ಕೊಡಬೇಕು. ಅದಕ್ಕೆಂದೇ ಶಿಶುವಿಹಾರದ ಅಡುಗೆ ಕೆಲಸಕ್ಕೆ ಇವತ್ತು ರಜೆ ಹಾಕಿದ್ದಳು. ಅವಳ ಪಾಲಿಗೆ ರಜೆ ಎಂದರೆ ಬೇರೆ ಒಲೆ, ಬೇರೆ ಪಾತ್ರೆ, ಅಷ್ಟೇ.

ನಲವತ್ತು ದಿನವಾದರೂ ಮೈಯ ದಣಿವು ಇಳಿದಿರಲಿಲ್ಲ. ಈಗ ಅಣ್ಣನ ಹಾಸಿಗೆ ಬದಲಿಸುವುದಿಲ್ಲ, ಬಟ್ಟೆ ಕುದಿಸುವುದಿಲ್ಲ, ತಿಂಗಳಿಗೊಮ್ಮೆ ಔಷಧಿಗೆಂದು ರಾಜಧಾನಿ ಸೋಫಿಯಾಕ್ಕೆ ಬಸ್ಸು ಹತ್ತುವುದಿಲ್ಲ. ಕೆಲಸ ಕಡಿಮೆಯಾದ ಮೇಲೆಯೇ ಸೊಂಟ ಹೆಚ್ಚು ನೋಯತೊಡಗಿತ್ತು. ಗೋಧಿಯ ಕಾಳುಗಳು ಕಣ್ಣಮುಂದೆ ಒಂದರೊಳಗೊಂದು ಕರಗುತ್ತಿದ್ದವು.

"ಬಿಲ್ಯಾನಾ, ಬಾ ಇಲ್ಲಿ. ನಿನ್ನ ಕಣ್ಣು ಚುರುಕು. ಆ ಮೂಲೆಯಿಂದ ನೀನು ಆರಿಸ್ಕೊಂಡು ಬಾ."

ಬಾಗಿಲಲ್ಲಿ ನಿಂತಿದ್ದ ಮಗಳು ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದಳು. ಹತ್ತು ವರ್ಷದವಳು. ಈ ವಾರ ಅವಳ ತರಗತಿಗೆ ಮಧ್ಯಾಹ್ನದ ಪಾಳಿ, ಹಾಗಾಗಿ ಬೆಳಿಗ್ಗೆಯೆಲ್ಲ ಮನೆಯಲ್ಲೇ.

"ನಾನು ಮಾಡಲ್ಲ."

"ಯಾಕೆ, ಹೋಂವರ್ಕ್ ಇದ್ಯಾ?"

"ಇಲ್ಲ."

"ಮತ್ತೆ?"

"ಅದನ್ನ ಜನ ತಿಂತಾರಲ್ಲ."

"ತಿನ್ನಲಿ ಅಂತಲೇ ಮಾಡೋದು ಪುಟ್ಟಿ. ಮಾಮನ ಹೆಸರಲ್ಲಿ. ಕೈ ತೊಳ್ಕೊಂಡು ಬಾ, ಸಾಕು."

"ತೊಳೆದ್ರೂ ಬೇಡ," ಎಂದಳು ಬಿಲ್ಯಾನಾ. ಹಟದ ದನಿಯಲ್ಲ ಅದು. ಮಳೆ ಬರುತ್ತಿದೆ, ಆಡಲು ಹೋಗುವುದಿಲ್ಲ ಎಂದಷ್ಟೇ ಸಾದಾ ದನಿ.

ನೆವೆನಾ ತಲೆಯೆತ್ತಿದಳು. ಏನೋ ಕೇಳಬೇಕು ಎನ್ನುವಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು.

ಬಾಗಿಲಲ್ಲಿ ನೆಲಮಹಡಿಯ ಗಿಂಕಾ ದೊಡ್ಡಮ್ಮ ನಿಂತಿದ್ದಳು. ಎಪ್ಪತ್ತಾರು ವರ್ಷ, ಮೂರು ಮಹಡಿ ಹತ್ತಿ ಬಂದ ಏದುಸಿರು. ಒಂದು ಕೈಯಲ್ಲಿ ಒಡೆದ ಅಕ್ರೋಟಿನ ಚೀಲ, ಇನ್ನೊಂದರಲ್ಲಿ ನಾಲ್ಕು ಮಡಿಕೆಯ ಒದ್ದೆ ಕಾಗದ.

"ತಗೋ, ನಿಮ್ಮಣ್ಣ," ಎಂದು ಕಾಗದವನ್ನು ನೆವೆನಾಳ ಕೈಗಿಟ್ಟಳು. "ರಾತ್ರಿ ಗಾಳಿಗೆ ಕಿತ್ಕೊಂಡು ಬಿದ್ದಿದ್ದ. ಎರಡನೇ ಮಹಡಿ ಪಾಂಚೊ ಬೂಟುಗಾಲಲ್ಲಿ ತುಳ್ಕೊಂಡು ಹೋಗೋದ್ರಲ್ಲಿದ್ದ, ನಾನು ಎತ್ಕೊಂಡೆ."

ನೆವೆನಾ ಬಿಚ್ಚಿ ನೋಡಿದರೆ, ಕಟ್ಟಡದ ಕೆಳಬಾಗಿಲಿಗೆ ತಾನೇ ಅಂಟಿಸಿದ್ದ ಕಪ್ಪು ಅಂಚಿನ ಸಾವಿನ ಕಾಗದ. ನಡುವೆ ಅಣ್ಣನ ಫೋಟೊ, ಕೆಳಗೆ ಹೆಸರು, ಅದರ ಕೆಳಗೆ 'ಅಲ್ಪಕಾಲದ ಅನಾರೋಗ್ಯದಿಂದ ನಿಧನ' ಎಂಬ ಸಾಲು. ಊರಿನ ಎಲ್ಲ ಬಾಗಿಲಿಗೂ ಇರುವಂಥದ್ದೇ. ಅಂಥ ಕಾಗದವನ್ನು ಯಾರೂ ಕೀಳುವುದಿಲ್ಲ. ಬಿಸಿಲು ಮಾಸಿಸಬೇಕು, ಮಳೆ ಕರಗಿಸಬೇಕು. ಆದರೆ ಇದರ ನಾಲ್ಕೂ ಮೂಲೆ ಉಗುರಿನಿಂದ ಕೆರೆದು ಎಬ್ಬಿಸಿದ ಹಾಗಿತ್ತು.

"ಗಾಳಿಗೆ ಬಿತ್ತಾ ದೊಡ್ಡಮ್ಮ?"

"ಗಾಳಿಗೇ." ಗಿಂಕಾ ಮುಖ ತಿರುಗಿಸದೆ ಹೇಳಿ ಒಳಗೆ ಬಂದು ಕುರ್ಚಿ ಎಳೆದುಕೊಂಡಳು. "ಅಕ್ರೋಟು ಮಾತ್ರ ತಂದಿದ್ದೀನಿ. ಗೋಧಿ ಬೇಯಿಸಿ ತರಲ್ಲ ನಾನು. ಒಂದು ಸಲ ಬೇಯಿಸಿ ಮೋಸ ಹೋಗಿದ್ದು ಸಾಕು."

ನೆವೆನಾ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಕ್ಕೆ ಕೆನ್ನೆ ನೋಯಿತು.

ಅದು ಐದು ವರ್ಷದ ಹಿಂದಿನ ಮಾತು. ಬೊಗೊಮಿಲ್ ಆಗ ಇನ್ನೂ ಮೆಟ್ಟಿಲು ಹಾರಿಕೊಂಡು ಓಡಾಡುತ್ತಿದ್ದ. ಒಂದು ಬೆಳಿಗ್ಗೆ ಕೆಳಬಾಗಿಲಿಗೆ ತನ್ನದೇ ಕಪ್ಪು ಅಂಚಿನ ಕಾಗದ ಅಂಟಿಸಿದ. ಹಲ್ಲು ಕಾಣುವಂತೆ ನಗುವ ಫೋಟೊ. ಕೆಳಗೆ, 'ಬದುಕಿದ್ದಾನೆ. ಮೂರನೆಯ ಮಹಡಿ. ಕಾಫಿಗೆ ಬನ್ನಿ' ಎಂಬ ಬರಹ. ಕನ್ನಡಕ ಮನೆಯಲ್ಲಿ ಬಿಟ್ಟು ಹೊರಟಿದ್ದ ಗಿಂಕಾ ಕಪ್ಪು ಅಂಚನ್ನೂ ಮುಖವನ್ನೂ ಕಂಡಳು, ಬರಹವನ್ನು ಕಾಣಲಿಲ್ಲ. ವಾಪಸು ಹೋಗಿ ಗೋಧಿ ಬೇಯಿಸಿ, ಕರಿಯ ಬಟ್ಟೆ ತಲೆಗೆ ಕಟ್ಟಿ, ದಾರಿಯಲ್ಲೇ ಅಳು ಶುರುಮಾಡಿಕೊಂಡು ಬಂದು ಗಂಟೆ ಒತ್ತಿದರೆ, ಬಾಗಿಲು ತೆಗೆದವನು ಸತ್ತವನೇ. ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿತ್ತು. ಗಿಂಕಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವನು ಅವಳನ್ನು ಎತ್ತಿ ಕೂರಿಸಿ, ನೀರು ಕೊಟ್ಟು, ಅವಳು ತಂದ ಗೋಧಿಯನ್ನು ಎರಡು ಬಟ್ಟಲು ತಿಂದು, "ಸಕ್ಕರೆ ಕಡಿಮೆ ಆಯ್ತು ದೊಡ್ಡಮ್ಮ, ಮುಂದಿನ ಸಲ ಜಾಸ್ತಿ ಹಾಕು" ಎಂದಿದ್ದ. ಒಂದು ತಿಂಗಳು ಗಿಂಕಾ ಅವನ ಜೊತೆ ಮಾತು ಬಿಟ್ಟಳು. ಆಮೇಲೆ ಇಡೀ ಕಟ್ಟಡದಲ್ಲಿ ಅವನ ಗೊಂಬೆಗಳಿಗೆ ಅಂಗಿ ಹೊಲಿದುಕೊಟ್ಟವಳು ಅವಳೊಬ್ಬಳೇ.

ಗಿಂಕಾ ಕೇಳದೆಯೇ ಗೋಧಿಯ ಒಂದು ಪಾಲನ್ನು ತನ್ನ ಕಡೆಗೆ ಎಳೆದುಕೊಂಡು ಆರಿಸತೊಡಗಿದಳು.

"ಅಲ್ಪಕಾಲ ಅಂತೆ," ಎಂದಳು ಕಾಳಿನ ಮೇಲೆ ಕಣ್ಣಿಟ್ಟು. "ಹನ್ನೊಂದು ವರ್ಷ ಈ ಮೆಟ್ಟಿಲು ಹತ್ತಿ ಇಳಿದಿದ್ದಾನೆ. ಕೊನೇ ವರ್ಷ ಮಹಡಿಗೊಂದು ಸಲ ಕೂತು ಕೂತು. ನಮ್ಮ ಬಾಗಿಲ ಹತ್ರ ಕೂತಾಗ ನೀರು ಕೊಟ್ಟವಳು ನಾನು. ನಂಗೊತ್ತಿಲ್ವಾ ಅದು ಎಷ್ಟು ಅಲ್ಪ ಅಂತ."

"ಎಲ್ರೂ ಹಾಗೇ ಬರೆಸೋದು ದೊಡ್ಡಮ್ಮ. ಅಂಗಡಿಯವನೇ ಕೇಳಿದ, ಅಲ್ಪಕಾಲವೋ ದೀರ್ಘಕಾಲವೋ ಅಂತ. ಬಾಯಿಗೆ ಬಂದಿದ್ದು ಹೇಳಿದೆ."

"ದೀರ್ಘ ಅಂದಿದ್ರೆ ಏನಾಗ್ತಿತ್ತು?"

"ಯಾವ ಕಾಯಿಲೆ ಅಂತ ಕೇಳ್ತಿದ್ದ."

ಗಿಂಕಾ ಒಂದು ಕಲ್ಲು ಸಿಕ್ಕಿದ್ದನ್ನು ತಟ್ಟೆಯ ಅಂಚಿಗಿಟ್ಟಳು. ಆಮೇಲೆ ದನಿ ತಗ್ಗಿಸಿ, "ಅವನೇ ಅಚ್ಚು ಕೊರೆದು ಮಾಡಿಟ್ಟ ಕಾಗದ ಎಲ್ಲಿ?" ಎಂದಳು.

"ನಿಮಗ್ಯಾರು ಹೇಳಿದ್ದು?"

"ಅವನೇ ತೋರಿಸಿದ್ದ. ನೀನು ಬಚ್ಚಿಡ್ತೀಯ ಅಂತ ಗೊತ್ತಿತ್ತು ಕಣೆ ಅವನಿಗೆ. ಸಾಕ್ಷಿಗೆ ನನ್ನ ಹಿಡ್ಕೊಂಡ. ನಲವತ್ತಕ್ಕೆ ಹೊಸ ಕಾಗದ ಹಚ್ತಾರಲ್ಲ, ಆಗ ಹಚ್ತಾಳೆ ಅಂದ. ಮೊದಲನೇ ದಿನ ನಿನ್ನ ಕೈಲಿ ಆಗಲ್ಲ ಅಂತಲೂ ಅಂದಿದ್ದ."

ಬಚ್ಚಲಲ್ಲಿ ನಲ್ಲಿ ಹರಿಯುತ್ತಿತ್ತು. ಮಗಳು ಮತ್ತೆ ಕೈ ತೊಳೆಯುತ್ತಿದ್ದಾಳೆ.

"ದೊಡ್ಡಮ್ಮ, ನಾನು ದಿನಾ ಅರವತ್ತು ಮಕ್ಕಳಿಗೆ ಸೂಪು ಮಾಡಿ ಹಾಕ್ತೀನಿ. ಆ ಕಾಗದ ಓದಿದ ತಾಯಂದಿರು ಮಾರನೇ ದಿನ ಮಕ್ಕಳನ್ನ ಕಳಿಸ್ತಾರಾ? ಇವಳ ಅಪ್ಪ ಲ್ಯುಬೆನ್ ಲಾರಿ ತಗೊಂಡು ಹೋದ್ರೆ ಮೂರು ವಾರ ಬರಲ್ಲ. ಇವಳು ಶಾಲೆಗೆ ಒಬ್ಬಳೇ ಹೋಗಿ ಬರ್ಬೇಕು. ಅಲ್ಲಿ ಏನೇನು ಕೇಳಿಸ್ಕೋಬೇಕೋ. ಇವಳಿಗೆ ನಾನು ಶ್ವಾಸಕೋಶ ಅಂದಿದ್ದೀನಿ."

"ಅಂದಿದ್ದೀಯ. ಅವಳು ನಂಬಿದ್ದಾಳಾ?"

"ಒಂದು ಸಲಾನೂ ಕೇಳಿಲ್ಲ."

"ಹೂಂ," ಎಂದಳು ಗಿಂಕಾ. ಎದ್ದು, ಮಂಡಿ ಹಿಡಿದುಕೊಂಡು ಬಾಗಿಲಿಗೆ ಹೋದಳು. "ಹನ್ನೆರಡಕ್ಕೆ ಕೆಳಗೆ ಬಾಗಿಲು ಒರೆಸಿ ಇಟ್ಟಿರ್ತೀನಿ. ಹಳೇ ಅಂಟಿನ ಮೇಲೆ ಹೊಸದು ನಿಲ್ಲಲ್ಲ. ಯಾವುದನ್ನ ಹಚ್ತೀಯೋ ಹಚ್ಚು. ನಾನು ಬಾಗಿಲು ಒರೆಸೋಳು ಅಷ್ಟೇ."

ಅವಳ ಚಪ್ಪಲಿಯ ಸದ್ದು ಇಳಿದು ಹೋಗುವವರೆಗೂ ನೆವೆನಾ ಬಾಗಿಲಲ್ಲೇ ನಿಂತಿದ್ದಳು. ನಂತರ ಗೋಧಿಯನ್ನು ತೊಳೆದು, ನೀರು ಸುರಿದು ಒಲೆಗೇರಿಸಿದಳು.

ಅಣ್ಣನಿಗೆ ಮಾತು ಕೊಟ್ಟಿದ್ದು ನಿಜ. ಬೊಗೊಮಿಲ್ ಸೋಫಿಯಾದಲ್ಲಿ ಚಿತ್ರ ಕಲಿತವನು, ತಂಗಿಯ ಊರಾದ ಪ್ಲೊವ್ದಿವ್‌ಗೆ ಬಂದು ಗೊಂಬೆಯಾಟದ ರಂಗಮಂದಿರದಲ್ಲಿ ಕೆಲಸಕ್ಕೆ ಸೇರಿದ್ದ. ಗೊಂಬೆ ಕೆತ್ತುವುದು, ಪರದೆಗೆ ಬಣ್ಣ ಬಳಿಯುವುದು, ಗೊಂಬೆಗಳ ಹಾಡು ಕಟ್ಟುವುದು, ನಟ ಬಾರದ ದಿನ ಪರದೆಯ ಹಿಂದೆ ನಿಂತು ಆಡಿಸುವುದು, ಎಲ್ಲವೂ ಅವನೇ. ಕಾಯಿಲೆಯ ಸುದ್ದಿ ಹೇಗೋ ಹೊರಬಿದ್ದ ವಾರವೇ ಅಲ್ಲಿಯ ಊಟದ ಕೋಣೆಯಲ್ಲಿ ಅವನ ಕಾಫಿ ಬಟ್ಟಲಿನ ತಳಕ್ಕೆ ಯಾರೋ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟರು, ಬೇರೆಯವರು ತಪ್ಪಿಯೂ ಮುಟ್ಟದಿರಲಿ ಎಂದು. ಅವನು ಬಟ್ಟಲನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ, ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಅಲ್ಲಿಂದ ಮುಂದೆ ಅವನ ರಂಗಮಂದಿರ ಮನೆಯ ಹಿಂದಿನ ಕೋಣೆ. ಸರ್ಕಾರದ ಔಷಧಿ ಬರುವುದು ನಿಂತುಹೋದ ಚಳಿಗಾಲದಲ್ಲಿ ಎಂಟು ಗೊಂಬೆ ಮಾಡಿ, ಪ್ರತಿಯೊಂದರ ಕೈಗೂ ಖಾಲಿ ಔಷಧಿ ಡಬ್ಬಿ ಕೊಟ್ಟು, ಸೋಫಿಯಾದ ದೊಡ್ಡ ಕಚೇರಿಯ ಮೆಟ್ಟಿಲ ಮೇಲೆ ಕೂರಿಸಿದ. ಜೊತೆಗೆ ತಾನೂ ಕೂತ. ಮೂರು ದಿನ ಹಿಮ ಬಿತ್ತು. ಕೊನೆಗೆ ಒಬ್ಬ ಅಧಿಕಾರಿ ಬಂದು ಗೊಂಬೆಗಳ ಜೊತೆಯಲ್ಲಿ ಮಾತಾಡುವುದಿಲ್ಲ ಎಂದನಂತೆ, ಇವನು ಒಂದು ಗೊಂಬೆಯ ಕೈಯಿಂದಲೇ ಅವನ ಕೈ ಕುಲುಕಿದನಂತೆ. ಮನೆಗೆ ಬಂದದ್ದು ಜ್ವರದಲ್ಲಿ. ಹದಿನೈದು ದಿನ ಅವನ ಬೆನ್ನು ತಿಕ್ಕಿದವಳು ನೆವೆನಾ. ಔಷಧಿ ಮತ್ತೆ ಬಂತು, ಅವನ ಮೈಗೆ ಮಾತ್ರ ಅಷ್ಟರಲ್ಲಿ ತಡವಾಗಿತ್ತು.

ಸಾವಿನ ಕಾಗದದ ಕೆಲಸ ಶುರುವಾದದ್ದೂ ಆಗಲೇ. ಅದೇ ಕಾಯಿಲೆಯ ಜೊತೆಯವರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಮನೆಯವರು 'ಅಲ್ಪಕಾಲ' ಎಂದು ಬರೆಸುತ್ತಿದ್ದರು, ಇಲ್ಲವೇ ಏನೂ ಅಂಟಿಸದೆ ಮಣ್ಣು ಮಾಡುತ್ತಿದ್ದರು. ಬದುಕಿದ್ದಾಗಲೇ ಬಂದು ಕೇಳಿಕೊಂಡವರಿಗೆಲ್ಲ ಬೊಗೊಮಿಲ್ ಪಿಯರ್ ಹಣ್ಣಿನ ಗಟ್ಟಿ ಮರದಲ್ಲಿ ಅಚ್ಚು ಕೊರೆದ. ಹೆಸರು, ಮಾಡುತ್ತಿದ್ದ ಕೆಲಸ, ಕಾಯಿಲೆಯ ನಿಜವಾದ ಹೆಸರು. ಅವರು ಹೇಳಿದ ಬಾಗಿಲಿಗೆ ತಾನೇ ಹೋಗಿ ಅಂಟಿಸಿ ಬರುತ್ತಿದ್ದ. ಎರಡು ಸಲ ಪೆಟ್ಟು ತಿಂದ. ಅವರ ಹೆಸರುಗಳನ್ನೇ ಒಂದು ಉದ್ದ ಟವೆಲಿನ ಮೇಲೆ ಕೆಂಪು ದಾರದಲ್ಲಿ ಕಸೂತಿ ಹಾಕಿದ. ಕಸೂತಿ ಕಲಿಸಿದ್ದು ಗಿಂಕಾ. ಮೂವತ್ತೊಂದನೆಯ ಹೆಸರಿಗೆ ಟವೆಲು ಮುಗಿದು, ಇನ್ನೊಂದನ್ನು ಜೋಡಿಸಬೇಕಾಯಿತು.

"ಈ ಬಾಗಿಲಿಗೆ ಮಾತ್ರ ಬೇಡ ಅಣ್ಣ," ಎಂದು ನೆವೆನಾ ಬೇಡಿಕೊಂಡಿದ್ದಳು. "ಇಲ್ಲಿ ನಾನೂ ಇದ್ದೀನಿ, ಮಗೂನೂ ಇದೆ."

ಅವನು ಬಹಳ ಹೊತ್ತು ಉಳಿಯನ್ನು ಕಲ್ಲಿಗೆ ಉಜ್ಜುತ್ತ ಕೂತಿದ್ದು, "ಸರಿ," ಎಂದಿದ್ದ. "ನಾನಿರೋವರೆಗೆ ಈ ಬಾಗಿಲಿಗೆ ಹಚ್ಚಲ್ಲ. ಹೋದಮೇಲೆ ನೀನು ಹಚ್ಚು. ಆಯ್ತಾ?"

ಆಗ ಸಾವು ದೂರವಿತ್ತು. ನೆವೆನಾ ಆಯ್ತು ಎಂದುಬಿಟ್ಟಿದ್ದಳು. ಅವನು ತನ್ನ ಪಾಲಿನ ಮಾತನ್ನು ಕೊನೆಯವರೆಗೂ ಉಳಿಸಿಕೊಂಡ.

ಗೋಧಿ ಕುದಿಯತೊಡಗಿತು. ಉರಿ ತಗ್ಗಿಸಿ ನೆವೆನಾ ಮಗಳಿಗೆ ಹಾಲು ಕಾಯಿಸಿದಳು. ಬಿಲ್ಯಾನಾ ಬಂದು ಕಪಾಟಿನ ಕೆಳಗಿನ ಹಲಗೆಯಿಂದ, ಕಿಟಕಿ ಒರೆಸುವ ಬಟ್ಟೆಯ ಪಕ್ಕದಿಂದ, ಮಾಮನ ಬಟ್ಟಲನ್ನು ತೆಗೆದು ಮುಂದಿಟ್ಟಳು. ತಳದಲ್ಲಿ ಕೆಂಪು ಚುಕ್ಕೆಯಿದ್ದ ಅದೇ ಬಟ್ಟಲು. ಅವನು ಹೋದಮೇಲೆ ಅವಳು ಬೇರೆ ಯಾವುದರಲ್ಲೂ ಕುಡಿಯುತ್ತಿರಲಿಲ್ಲ.

"ಅಷ್ಟು ಕೆಳಗೆ ಯಾಕಿಡ್ತೀಯ ಅದನ್ನ? ಮೇಲೆ ನಮ್ಮದರ ಜೊತೆ ಇಡು."

"ಅಲ್ಲೇ ಇರ್ಲಿ."

ಕುಡಿದು ತಾನೇ ತೊಳೆದು, ಬಿಸಿನೀರು ಹೊಯ್ದು, ಮತ್ತೆ ಅಲ್ಲೇ ಇಟ್ಟಳು. ಮಾಮನ ಮೇಲಿನ ಪ್ರೀತಿ ಎಂದುಕೊಂಡು ನೆವೆನಾ ಕಣ್ಣೊರೆಸಿಕೊಂಡಳು. ಜಡೆ ಹೆಣೆಯಲು ಕರೆದರೆ, "ನಾನೇ ಹಾಕ್ಕೋತೀನಿ," ಎಂದು ತನ್ನ ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ಹೋದಳು. ಅದೂ ಈಗೀಗಿನ ರೂಢಿ. ರಾತ್ರಿ ಮುತ್ತು ಕೊಡಲು ಬಗ್ಗಿದರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಬೆಳೆಯುವ ಹುಡುಗಿ, ಹಾಗಿರಬಹುದು. ದುಃಖವೂ ಇರಬಹುದು. ಸ್ವಲ್ಪ ದಿನ ಬಿಟ್ಟರೆ ತಾನಾಗಿ ಸರಿಹೋಗುತ್ತದೆ ಎಂದು ನೆವೆನಾ ದಿನ ದೂಡಿದ್ದಳು. ದಣಿದವಳಿಗೆ ಕಾಯುವುದೊಂದೇ ಸುಲಭದ ಕೆಲಸ.

ಹನ್ನೊಂದೂವರೆಗೆ ಅವಳು ಹಿಂದಿನ ಕೋಣೆಗೆ ಹೋದಳು. ಗೋಡೆಯ ಮೊಳೆಗಳಲ್ಲಿ ಗೊಂಬೆಗಳು ತೂಗುತ್ತಿದ್ದವು. ಡಾಕ್ಟರ್ ಗೊಂಬೆಯ ಕನ್ನಡಕದ ಮೇಲೆ ದೂಳು ಕೂತಿತ್ತು. ಅಂಗಡಿಯಿಂದ ತಂದಿದ್ದ ನಲವತ್ತರ ಕಾಗದಗಳು ಸುರುಳಿಯಾಗಿ ಮೇಜಿನ ಮೇಲಿದ್ದವು. 'ಪ್ರೀತಿಯ ನೆನಪು' ಎಂದು ಮಾತ್ರ ಅದರಲ್ಲಿತ್ತು. ಈ ಸಲ ಕಾಯಿಲೆಯ ಮಾತೇ ಇಲ್ಲದಂತೆ ಬರೆಸಿದ್ದಳು.

ಬೀರುವಿನ ಮೇಲಿನಿಂದ ಇನ್ನೊಂದು ಕಟ್ಟನ್ನು ಇಳಿಸಿದಳು. ಗೊಂಬೆಯ ಹಳೆಯ ಅಂಗಿಯಲ್ಲಿ ಸುತ್ತಿದ್ದ ಹತ್ತು ಕಾಗದ. ಬೇಸಿಗೆಯಲ್ಲಿ, ಕೈ ಇನ್ನೂ ನಡುಗದಿದ್ದಾಗ, ಅಣ್ಣ ತಾನೇ ಅಚ್ಚೊತ್ತಿ, ತಾರೀಕಿಗೆ ಜಾಗ ಬಿಟ್ಟು ಕಟ್ಟಿಟ್ಟಿದ್ದು. ಕೆಂಪು ದಾರವನ್ನು ಗೊಂಬೆಯ ಕೀಲಿಗೆ ಹಾಕುವ ಗಂಟಿನಲ್ಲಿ ಬಿಗಿದಿದ್ದ, ಕತ್ತರಿಸದೆ ಬಿಚ್ಚಲಾಗದ ಗಂಟು.

ಈಗ ಆ ದಾರ ತುಂಡಾಗಿತ್ತು. ಎರಡು ತುದಿಯನ್ನು ಕೂಡಿಸಿ, ಬಿಲ್ಯಾನಾ ಶೂ ಲೇಸಿಗೆ ಹಾಕುವಂಥ ಹೂಗಂಟು ಹಾಕಿತ್ತು.

ನೆವೆನಾ ಕಾಗದಗಳನ್ನು ಎಣಿಸಿದಳು. ಒಂಬತ್ತು.

ಮಂಚದ ಅಂಚಿಗೆ ಕೂತು ಒಂದನ್ನು ಬಿಚ್ಚಿದಳು. ಬಚ್ಚಿಟ್ಟಾಗಿನಿಂದ ಅವಳೇ ಮತ್ತೆ ಓದಿರಲಿಲ್ಲ. ಮೇಲೆ ಮೂಗು ದೊಡ್ಡದಾಗಿ ಕೊರೆದ ಅವನ ಮುಖ. ಕೆಳಗೆ ಇಷ್ಟು:

'ಬೊಗೊಮಿಲ್ ಕರಾಜೊವ್. ಗೊಂಬೆ ಮಾಡುತ್ತಿದ್ದ. ಏಡ್ಸ್ ಕಾಯಿಲೆಯಿಂದ ಸತ್ತ. ಅಲ್ಪಕಾಲವಲ್ಲ, ಹನ್ನೊಂದು ವರ್ಷ. ತಂಗಿ ನೋಡಿಕೊಂಡಳು. ಗೋಧಿ ತಿಂದು ಹೋಗಿ.'

ಹಾಗಾದರೆ ಮಗಳಿಗೆ ಗೊತ್ತು. ಎಂದಿನಿಂದ ಗೊತ್ತೋ. ಗೊತ್ತಿದ್ದೂ ಒಂದು ಮಾತು ಕೇಳಿಲ್ಲ.

ಅವಳಿಗೆ ಜೂನ್ ತಿಂಗಳ ಆ ಮಧ್ಯಾಹ್ನ ನೆನಪಾಯಿತು. ಇದೇ ಕೋಣೆಯಲ್ಲಿ ಬೊಗೊಮಿಲ್ ಸೋದರಸೊಸೆಗೆ ಅಚ್ಚು ಕೊರೆಯುವುದನ್ನು ಕಲಿಸುತ್ತಿದ್ದ. ಅವನು ತನ್ನ ಬೆರಳಿಗೆ ಉಳಿ ತರಚಿದ ಗಾಯಕ್ಕೆ ಪಟ್ಟಿ ಸುತ್ತಿ ತಿರುಗುವಷ್ಟರಲ್ಲಿ ಬಿಲ್ಯಾನಾ ಅದೇ ಉಳಿ ಎತ್ತಿಕೊಂಡಿದ್ದಳು. ಜಾರಿ ಅವಳ ಹೆಬ್ಬೆರಳು ಕುಯ್ದಿತು. ಊರೂರು ತಿರುಗಿ ಹೆದರಬೇಡಿ, ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ ಎಂದು ಗೊಂಬೆಯ ಬಾಯಲ್ಲಿ ಹೇಳಿಸಿದ ಮನುಷ್ಯ ಅವತ್ತು ಸುಣ್ಣದಂತೆ ಬಿಳಿಚಿಕೊಂಡ. ಮಗುವಿನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಬಿಡು ಎಂದರೂ ಬಿಡದೆ, ತುಟಿಯೇ ಕಾಣದ ಹಾಗೆ ಕಚ್ಚಿಕೊಂಡು ನಿಂತಿದ್ದ. ಆ ಮುಖವನ್ನು ಬಿಲ್ಯಾನಾ ಕೆಳಗಿನಿಂದ ನೋಡುತ್ತಿದ್ದಳು. ಸಂಜೆ ಅವನು ತಂಗಿಯ ಮುಂದೆ ಅತ್ತ. "ನೋಡು ನೆವೆ, ನಾನೇ ಹೆದರಿದೆ. ನಾನೇ."

ಏನೂ ಆಗುವುದಿಲ್ಲ ಎಂದೇ ಡಾಕ್ಟರು ಹೇಳಿದ್ದರು. ಮನಸ್ಸಿನ ಸಮಾಧಾನಕ್ಕೆ ಮೂರು ತಿಂಗಳು ಬಿಟ್ಟು ರಕ್ತ ನೋಡೋಣ ಎಂದರು. ಸೆಪ್ಟೆಂಬರಿನಲ್ಲಿ ನೋಡಿದರು, ಏನೂ ಇರಲಿಲ್ಲ. ಮಗಳಿಗೆ ನೆವೆನಾ, "ಮೈಯಲ್ಲಿ ರಕ್ತ ಕಡಿಮೆ ಇದ್ಯಾ ಅಂತ ನೋಡೋಕೆ," ಎಂದಿದ್ದಳು. ಅಣ್ಣ, "ಅವಳಿಗೆ ನಾನೇ ಎಲ್ಲಾ ಹೇಳ್ಲಾ?" ಎಂದು ಕೇಳಿದ್ದ. "ಇನ್ನೂ ಚಿಕ್ಕವಳು ಅಣ್ಣ. ಸ್ವಲ್ಪ ದೊಡ್ಡವಳಾಗಲಿ." ಮುಂದಿನ ತಿಂಗಳು ಅವನೇ ಇರಲಿಲ್ಲ.

ಸ್ವಲ್ಪ ಹೊತ್ತು ನೆವೆನಾ ಆ ಮಂಚದ ಮೇಲೆ ಹಾಗೇ ಮಲಗಿಬಿಡೋಣ ಎಂದುಕೊಂಡಳು. ಹಾಸಿಗೆಯಲ್ಲಿ ಇನ್ನೂ ಬಣ್ಣ, ಕರ್ಪೂರದ ಎಣ್ಣೆಯ ವಾಸನೆ. ಒಲೆಯ ಮೇಲೆ ಗೋಧಿ ಇರುವುದು ನೆನಪಾಗಿ ಎದ್ದಳು.

ಒಲೆ ಆರಿಸಿ ಬಂದು, ಎರಡೂ ಸುರುಳಿಗಳನ್ನು ಕಂಕುಳಲ್ಲಿ ಹಿಡಿದುಕೊಂಡು, ಮೈದಾ ಅಂಟಿನ ಡಬ್ಬಿ ತೆಗೆದುಕೊಂಡಳು. ಕೆಳಗೆ ಹೋದಮೇಲೆ ನೋಡಿಕೊಂಡರಾಯಿತು. ಬಿಲ್ಯಾನಾ ಶಾಲೆಯ ಚೀಲ ಬೆನ್ನಿಗೇರಿಸಿ ತಯಾರಾಗಿದ್ದಳು.

"ಕಾಗದ ಹಚ್ಚೋಕೆ ಒಂದು ಕೈ ಕೊಡ್ತೀಯಾ? ಆಮೇಲೆ ಶಾಲೆವರೆಗೆ ಬರ್ತೀನಿ."

ಮಗಳ ಕಣ್ಣು ಕಂಕುಳಿನ ಸುರುಳಿಗಳ ಮೇಲೆ, ಕೆಂಪು ದಾರದ ಮೇಲೆ ಒಂದು ಕ್ಷಣ ನಿಂತಿತು. ನೆವೆನಾ ಅದನ್ನು ಕಂಡಳು. ಅವಳು ಕಂಡದ್ದನ್ನು ಮಗಳೂ ಕಂಡಳು. ಇಬ್ಬರೂ ಮೂರು ಮಹಡಿ ಇಳಿದರು.

ಕೆಳಬಾಗಿಲನ್ನು ಗಿಂಕಾ ಒರೆಸಿ ಹೊಳೆಯುವಂತೆ ಮಾಡಿದ್ದಳು. ಪಾಂಚೊ ಮಾರುಕಟ್ಟೆಯಿಂದ ಬಂದು, ಈರುಳ್ಳಿಸೊಪ್ಪಿನ ಚೀಲ ಹಿಡಿದು ಟಪಾಲು ಪೆಟ್ಟಿಗೆಯ ಬೀಗದ ಜೊತೆ ಒದ್ದಾಡುತ್ತಿದ್ದ. ಎರಡನೆಯ ಮಹಡಿಯ ರಿಟೈರಾದ ರೈಲ್ವೆ ಮನುಷ್ಯ, ಎಲ್ಲರ ವಿಷಯದಲ್ಲೂ ಮೂಗು ತೂರಿಸುವವನು.

"ನಾಳೆನಾ ಸಕ್ಕರೆ ಗೋಧಿ?" ಎಂದ.

"ನಾಳೆ. ಹತ್ತು ಗಂಟೆಗೆ," ಎಂದಳು ನೆವೆನಾ.

"ಲೋಟ ನಾನೇ ತರ್ಲಾ, ಇಲ್ಲ ನೀವೇ ಕೊಡ್ತೀರಾ?"

"ನಿನಗೆ ಬಕೀಟು ಬೇಕು, ಲೋಟ ಎಲ್ಲಿ ಸಾಲತ್ತೆ," ಎಂದಳು ಗಿಂಕಾ ಬಟ್ಟೆ ಹಿಂಡುತ್ತ. "ಸುಮ್ನೆ ಮೇಲೆ ಹೋಗು. ಇವರು ಕೆಲಸ ಮಾಡ್ಕೊಳ್ಳಲಿ."

ಪಾಂಚೊ ಹೋಗಲಿಲ್ಲ.

ನೆವೆನಾ ಬಾಗಿಲಿಗೆ ಅಂಟು ಬಳಿದಳು. ಬಳಿದಷ್ಟು ಹೊತ್ತು ಯೋಚನೆ ಮಾಡಬಹುದು ಎಂದುಕೊಂಡಿದ್ದಳು. ಯೋಚನೆಯೇ ಬರಲಿಲ್ಲ. ಅರವತ್ತು ಪುಟ್ಟ ಸೂಪಿನ ಬಟ್ಟಲು ಸಾಲಾಗಿ ಕಣ್ಣಮುಂದೆ ಬಂದವು, ಅಣ್ಣ ಮೆಟ್ಟಿಲ ಮೇಲೆ ಕೂತು ಉಸಿರು ಎಳೆದುಕೊಳ್ಳುವುದು ಬಂತು. ಕೈ ತಾನಾಗಿ ಅಂಗಡಿಯ ಸುರುಳಿಯಿಂದ ಒಂದನ್ನು ಎಳೆಯಿತು. ಗಿಂಕಾ ಬಕೀಟಿನ ನೀರನ್ನು ನೋಡುತ್ತ ನಿಂತಳು.

"ಆ ಮೂಲೆ ಹಿಡ್ಕೋ ಪುಟ್ಟಿ."

ಬಿಲ್ಯಾನಾ ತುದಿಬೆರಳಲ್ಲಿ ಹಿಡಿದು ಮೇಲಕ್ಕೆ ಚಾಚಿದಳು. ಬಾಗಿಲಿನ ಪಕ್ಕದ ಅಂಚಿನಲ್ಲಿ ಹಳೆಯ ಯಾರದೋ ಕಾಗದದ ಪಿನ್ನು ಮುರಿದು ಉಳಿದಿತ್ತು. ಗಿಂಕಾ ಎಷ್ಟು ಒರೆಸಿದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅದು ಹುಡುಗಿಯ ತೋರುಬೆರಳಿಗೆ ಚುಚ್ಚಿತು. ಕಾಗದದ ಬಿಳಿಯ ಮೇಲೆ ಒಂದು ಹನಿ ರಕ್ತ ಬಿತ್ತು.

ತಾಯಂದಿರು ಮಾಡುವುದನ್ನೇ ನೆವೆನಾ ಮಾಡಿದಳು. ಯೋಚಿಸದೆ ಮಗಳ ಬೆರಳು ಹಿಡಿದು ಬಾಯಿಗಿಟ್ಟುಕೊಳ್ಳಲು ಎಳೆದಳು.

"ಮುಟ್ಬೇಡ," ಎಂದಳು ಬಿಲ್ಯಾನಾ. ಕೈ ಕಿತ್ತುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಬೆರಳನ್ನು ಕೋಟಿನೊಳಗೆ ಅಡಗಿಸಿದಳು. "ಮುಟ್ಬೇಡಮ್ಮ. ಬಾಯಿಗಂತೂ ಬೇಡ."

ಒಂದೇ ಮೂಲೆಯಲ್ಲಿ ಅಂಟಿದ್ದ ಕಾಗದ ಜೋತುಬಿದ್ದು, ಸ್ವಲ್ಪ ಹೊತ್ತು ಓಲಾಡಿ, ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

ನೆವೆನಾ ಮಗಳನ್ನು ನೋಡಿದಳು. ಕೆಳಗಿನ ಹಲಗೆಯ ಬಟ್ಟಲು. ಅದಕ್ಕೆ ಹೊಯ್ಯುವ ಬಿಸಿನೀರು. ಬೇರೆ ಬಾಚಣಿಗೆ. ಗೋಡೆಯ ಕಡೆ ತಿರುಗಿದ ಮುಖ. ಬೆಳಿಗ್ಗೆ ಬೆನ್ನ ಹಿಂದಕ್ಕೆ ಹೋದ ಎರಡು ಕೈ. ಮಾಮನ ಪ್ರೀತಿಯಲ್ಲ, ಬೆಳೆಯುವ ಹುಡುಗಿಯ ಸಿಡುಕಲ್ಲ. ಹತ್ತು ವರ್ಷದ ಕೂಸು ಇಷ್ಟು ದಿನ ತನ್ನಿಂದ ಮನೆಯವರನ್ನು ಕಾಪಾಡುತ್ತಿತ್ತು, ಒಬ್ಬಳೇ, ಬಾಯಿ ಬಿಡದೆ.

ಅಂಟಿನ ಡಬ್ಬಿಯನ್ನು ನೆಲಕ್ಕಿಟ್ಟು ನೆವೆನಾ ಮೊಣಕಾಲೂರಿ ಕೂತಳು, ಮಗಳ ಎತ್ತರಕ್ಕೆ. ಕಂಕುಳಿನಿಂದ ಕೆಂಪು ದಾರದ ಕಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇಲ್ಲಿ ಬಾ," ಎಂದಳು.

ಬಿಲ್ಯಾನಾ ಬರಲಿಲ್ಲ. ಪಾಂಚೊ ಚೀಲ ಹಿಡಿದು ನಿಂತಲ್ಲೇ ನಿಂತಿದ್ದ. ಗಿಂಕಾ ಒದ್ದೆ ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಮೇಲಿನಿಂದ ಯಾರೋ ಇಳಿದು ಬರುವ ಸದ್ದು. ಹುಡುಗಿ ಅವರ ಕಡೆ ನೋಡಲೂ ಇಲ್ಲ, ದನಿ ತಗ್ಗಿಸಲೂ ಇಲ್ಲ.

"ಅಮ್ಮ, ಸೆಪ್ಟೆಂಬರಲ್ಲಿ ನನ್ನ ರಕ್ತ ತೆಗೆಸಿದ್ಯಲ್ಲ," ಎಂದಳು. "ಮಾಮನಿಗಿದ್ದ ಏಡ್ಸ್ ನಂಗೂ ಇದ್ಯಾ?"